ಕರ್ಚೀಫಿಗೆ ಜಾಗ ಇಲ್ಲ

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ, ಕಾಯಿಲೆಯ ವಿಷಯ ಆಮೇಲೆ. ನಾನು ವಾಸು. ಕಾಪು, ಉಡುಪಿ, ಕಾರ್ಕಳ ಅಂತ ಓಡುವ ಒಂದು ಖಾಸಗಿ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕಂಡಕ್ಟರ್ ಆಗಿದ್ದವನು. ಬಸ್‌ಸ್ಟ್ಯಾಂಡಿನಲ್ಲಿ ಜನ ಕಿಟಕಿಯಿಂದ ಕೈ ತೂರಿಸಿ ಸೀಟಿನ ಮೇಲೆ ಕರ್ಚೀಫು ಇಟ್ಟು ಹೋಗುತ್ತಾರಲ್ಲ, ನಿಧಾನವಾಗಿ ಚಾ ಕುಡಿದು ಬಂದು ರಾಜನ ಹಾಗೆ ಕೂರಲಿಕ್ಕೆ, ಅಂಥ ಕರ್ಚೀಫುಗಳನ್ನು ನಾನು ತೆಗೆದು ಮೇಲಿನ ಕ್ಯಾರಿಯರಿಗೆ ಎಸೆಯುತ್ತಿದ್ದೆ. ಕರ್ಚೀಫು ಮಾತ್ರ ಅಲ್ಲ; ಕೊಡೆ, ಹೆಗಲ ಬೈರಾಸು, ಬಸಳೆ ಸೊಪ್ಪಿನ ಕಟ್ಟು, ಒಮ್ಮೆ ಒಂದೇ ಒಂದು ಚಪ್ಪಲಿ. ಎಸೆಯುವಾಗ ಕೂಗುವುದೂ ಇತ್ತು: "ಕರ್ಚೀಫಿಗೆ ಜಾಗ ಇಲ್ಲ, ಜನಕ್ಕೆ ಜಾಗ!" ಕಾಲೇಜು ಮಕ್ಕಳು ನನ್ನ ಎದುರೇ ನನ್ನ ರಾಗ ಅಣಕಿಸುತ್ತಿದ್ದರು. ನನಗೆ ಅದರಲ್ಲಿ ಹೆಮ್ಮೆಯೇ ಇತ್ತು.

ನನಗೆ ಬಂದದ್ದು ಜಿ.ಬಿ.ಎಸ್. ಎಂಬ ಕಾಯಿಲೆ. ಅದು ಎಂತ, ಯಾಕೆ ಬರುತ್ತದೆ ಅಂತ ನನ್ನ ಹತ್ತಿರ ಕೇಳಬೇಡಿ. ಡಾಕ್ಟರು ನನಗೆ ಮೂರು ಸಲ ಹೇಳಿದ್ದಾರೆ, ಮೂರು ಸಲವೂ ನಾನು ಗೊತ್ತಾದವನ ಹಾಗೆ ತಲೆ ಆಡಿಸಿದ್ದೇನೆ. ಆದರೆ ಕೈಕಾಲು ಸೋತು, ಮಲಗಿದಲ್ಲಿಂದ ಫ್ಯಾನು ನೋಡಿಕೊಂಡು, ಇನ್ನು ನನ್ನದು ಮುಗಿಯಿತು ಅಂತ ಯೋಚಿಸುತ್ತಿರುವವರು ಯಾರಾದರೂ ಇದ್ದರೆ ಇದನ್ನು ಓದಿ. ನಾನೂ ಆ ಫ್ಯಾನು ನೋಡಿದವನೇ.

ಆಗ ನನಗೆ ನಲವತ್ತಮೂರು. ಪಿಯುಸಿ ಅರ್ಧಕ್ಕೆ ಬಿಟ್ಟು, ಅಲ್ಲಿ ಇಲ್ಲಿ ಕೆಲಸ ಮಾಡಿ ಕಡೆಗೆ ಬಸ್ಸು ಹತ್ತಿದವನು. ಮಗಳು ನಿಶಾ ಹೈಸ್ಕೂಲಿಗೆ ಬರುವ ಹೊತ್ತಿಗೆ ನಾಚಿಕೆಯಾಗಿ ಪಿಯುಸಿ ಮುಗಿಸಿದೆ, ಆಮೇಲೆ ಮನೆಯಿಂದಲೇ ಓದಿ ಬಿಎ. ಮನೆಯಿಂದ ಅಂತ ಹೇಳುವುದು, ಓದಿದ್ದು ಕಾರ್ಕಳ ಸ್ಟ್ಯಾಂಡಿನಲ್ಲಿ. ಅಲ್ಲಿ ನಮ್ಮ ಬಸ್ಸಿಗೆ ಇಪ್ಪತ್ತೈದು ನಿಮಿಷ ಹಾಲ್ಟು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಇತಿಹಾಸದ ಪುಸ್ತಕ ಬಿಡಿಸುತ್ತಿದ್ದೆ. ಡ್ರೈವರ್ ಶೀನಣ್ಣ ಬೀಡಿ ಸೇದಿ ಬಂದು, "ಎಂತ ವಾಸು, ಅಶೋಕ ಇವತ್ತು ಎಲ್ಲಿಗೆ ಮುಟ್ಟಿದ?" ಅಂತ ಕೇಳುತ್ತಿದ್ದ. ಮೂರು ವರ್ಷದ ಬಿಎ ನನಗೆ ಏಳು ವರ್ಷ ಹಿಡಿಯಿತು.

ಹಾಗೆ ಓದಿ ಓದಿ ಹುಚ್ಚು ಹತ್ತಿತು. ಇತಿಹಾಸದಲ್ಲಿ ಎಂಎ, ಅದೂ ವಿಶ್ವವಿದ್ಯಾಲಯದಲ್ಲಿ, ಬೆಂಚಿನ ಮೇಲೆ ಕೂತು. ಹೆಸರು ಬೇಡ, ಕಾರ್ಕಳದಿಂದ ಆಚೆಗೆ ಇನ್ನೊಂದು ಬಸ್ಸು ಹಿಡಿಯಬೇಕು ಅಂತ ತಿಳಿದುಕೊಳ್ಳಿ. ಪರೀಕ್ಷೆ ಬರೆದೆ, ಲಿಸ್ಟಿನಲ್ಲಿ ಹೆಸರು ಬಂತು. ಶೀನಣ್ಣ ಕಾರ್ಕಳ ಸ್ಟ್ಯಾಂಡಿನಲ್ಲಿ ಉದ್ದಕ್ಕೆ ಹಾರನ್ ಹೊಡೆದ. ಬಸ್ಸಿನ ಧಣಿಗಳು ಆದಿತ್ಯವಾರದ ಟ್ರಿಪ್ಪು ಮಾತ್ರ ಮಾಡು ಅಂತ ಒಪ್ಪಿದರು. ಸೇರುವ ಮೊದಲೇ ಸ್ಟ್ಯಾಂಡಿನಲ್ಲಿ ನನಗೆ "ಎಂಎ ವಾಸು" ಅಂತ ಹೆಸರು ಬಿತ್ತು. ಹೊರಗೆ ನಗುತ್ತಿದ್ದೆ, ಒಳಗೆ ಒಂದೇ ಹೆದರಿಕೆ. ಈ ಸಲ ಹೋಗದಿದ್ದರೆ ಇನ್ನು ಹೋಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಇನ್ನೊಂದು ಸಲ ಪರೀಕ್ಷೆ ಬರೆಯುವ ಧೈರ್ಯ ನನ್ನ ಹತ್ತಿರ ಉಳಿದಿರಲಿಲ್ಲ.

ಕ್ಲಾಸು ಶುರುವಾಗಲಿಕ್ಕೆ ಎರಡು ವಾರ ಇತ್ತು.

ಮೊದಲು ತೊಂದರೆ ಬಂದದ್ದು ಚಪ್ಪಲಿಯಿಂದ. ಅಂದರೆ ನಾನು ಹಾಗೆ ತಿಳಿದುಕೊಂಡದ್ದು. ಕೆಲವು ದಿನ ಹಿಂದೆ ಹೊಟ್ಟೆ ಕೆಟ್ಟು, ಗಂಜಿ ಕುಡಿದು ಸರಿಯಾಗಿದ್ದೆ. ಆಮೇಲೆ ಒಂದು ದಿನ ಪಾದ ಜುಂ ಅನ್ನಲು ಶುರುವಾಯಿತು. ಕಡಿಯಾಳಿಯಲ್ಲಿ ಇಳಿದು ಹತ್ತುವಾಗ ಎಡಗಾಲು ಫುಟ್‌ಬೋರ್ಡಿಗೆ ತಾಗಿ ಎಡವಿದೆ. ಚಪ್ಪಲಿ ಸವೆದಿದೆ ಅಂತ ಉಡುಪಿಯಲ್ಲಿ ಹೊಸದು ತೆಗೆದುಕೊಂಡೆ. ಮರುದಿನ ಬಲಗಾಲೂ ಎಡವಿತು. ಹೊಸ ಚಪ್ಪಲಿಯೇ ಸರಿ ಇಲ್ಲ ಅಂತ ಅಂಗಡಿಗೆ ಹೋಗಿ ಜಗಳ ಮಾಡಿ ಬದಲಿಸಿಕೊಂಡು ಬಂದೆ. ಆ ಅಂಗಡಿಯವರ ಹತ್ತಿರ ನಾನಿನ್ನೂ ತಪ್ಪಾಯಿತು ಅಂತ ಹೇಳಲಿಕ್ಕುಂಟು.

ಮೂರನೆಯ ದಿನ ಕಾರ್ಕಳದಿಂದ ಏಳು ನಲವತ್ತಕ್ಕೆ ಬಿಟ್ಟು ಹಿರಿಯಡ್ಕಕ್ಕೆ ಬಂದೆವು. ಬಸ್ಸು ನಿಲ್ಲುವ ಮೊದಲೇ ಹಾರಿ ಇಳಿಯುವುದು ನನ್ನ ಅಭ್ಯಾಸ. ಹಾರಿದೆ. ಕಾಲು ನನ್ನ ಜೊತೆ ಬರಲಿಲ್ಲ. ರಸ್ತೆಯ ಮೇಲೆ ಕಾಲು ಚಾಚಿ ಕೂತುಬಿಟ್ಟೆ, ಅಂಗಳದಲ್ಲಿ ಹಪ್ಪಳ ಕಾಯಲು ಕೂತವರ ಹಾಗೆ. ಏಳಲು ನೋಡಿದರೆ ಆಗುವುದಿಲ್ಲ.

"ಬೆಳಿಗ್ಗೆ ಎಂಟಕ್ಕೇ ಹಾಕಿ ಬಂದಿದ್ದಾನೆ" ಅಂತ ಒಬ್ಬರು ಹೇಳಿದರು.

ನಾನು ಜೀವಮಾನದಲ್ಲಿ ಕುಡಿದವನಲ್ಲ. ಆದರೆ ರಸ್ತೆಯ ಮಧ್ಯ ಕೂತುಕೊಂಡು ಅದನ್ನು ಹೇಳಿದರೆ ಯಾರು ನಂಬುತ್ತಾರೆ?

ಶೀನಣ್ಣ ಮತ್ತು ಇನ್ನಿಬ್ಬರು ಎತ್ತಿ ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿದರು. ಯಾರೋ ಆಂಬ್ಯುಲೆನ್ಸಿಗೆ ಫೋನ್ ಮಾಡುವ ಅಂದರು. ಶೀನಣ್ಣನಿಗೆ ಸಿಟ್ಟು ಬಂತು. "ಹೇಗೂ ನಾವು ಮಣಿಪಾಲಕ್ಕೇ ಹೋಗುವುದು. ನನಗಿಂತ ಬೇಗ ಯಾವ ಆಂಬ್ಯುಲೆನ್ಸು ಹೋಗ್ತದೆ ಮಾರಾಯ?" ಅದು ಸತ್ಯವೇ. ಈ ರೂಟಿನ ಬಸ್ಸುಗಳಲ್ಲಿ ಕೂತವರಿಗೆ ಗೊತ್ತು. ಬಸ್ಸು ಹಾರಿಕೊಂಡು ಹೋಯಿತು. ಆತ್ರಾಡಿಯಲ್ಲಿ ಇಬ್ಬರು ಕೈ ತೋರಿಸಿದರು, ಶೀನಣ್ಣ ನಿಲ್ಲಿಸಿ ಹತ್ತಿಸಿಕೊಂಡ. ನಾನು ಮಲಗಿದಲ್ಲಿಂದಲೇ, "ಟಿಕೆಟ್ ಆಯ್ತಾ? ಆತ್ರಾಡಿಯವರು ಟಿಕೆಟ್!" ಅಂತ ಕೂಗಿದೆ. ಪರ್ಕಳದಲ್ಲಿ ಇಳಿಯಬೇಕಿದ್ದ ಒಬ್ಬರು ಅಮ್ಮ ಇಳಿಯಲೇ ಇಲ್ಲ. "ಈ ಹುಡುಗನಿಗೆ ಎಂತ ಆಯ್ತು ಅಂತ ನೋಡಿಯೇ ಹೋಗುವುದು" ಅಂತ ಆಸ್ಪತ್ರೆಯ ಬಾಗಿಲ ತನಕ ಬಂದರು. ಪಾಪ, ಆ ಮೇಲೆ ಅವರು ಪರ್ಕಳಕ್ಕೆ ಹೇಗೆ ಹೋದರೋ.

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಸಣ್ಣ ಸುತ್ತಿಗೆಯಲ್ಲಿ ಮೊಣಕಾಲಿಗೆ ಬಡಿದರು. ಕಾಲು ಅಲ್ಲಾಡಲಿಲ್ಲ. ಇನ್ನೊಬ್ಬ ಡಾಕ್ಟರನ್ನು ಕರೆದರು, ಅವರೂ ಬಡಿದರು. ಆಮೇಲೆ ಡಾಕ್ಟರಿಕೆ ಕಲಿಯುವ ಆರು ಮಕ್ಕಳು ಸಾಲಾಗಿ ಬಂದು ಒಬ್ಬೊಬ್ಬರೇ ನನ್ನನ್ನು ಕೇಳಿ ಬಡಿದರು. ನಾನು ಎಲ್ಲರಿಗೂ ಆಯ್ತು ಅಂದೆ. ಕಲಿಯುವವರ ಮೇಲೆ ಆಗ ನನಗೆ ಭಾರೀ ಪ್ರೀತಿ.

"ಇದು ಕಾಲಿನಿಂದ ಮೇಲಕ್ಕೆ ಹತ್ತುತ್ತದೆ. ಒಂದು ಕಡೆ ನಿಲ್ಲುತ್ತದೆ. ಆಮೇಲೆ ಇಳಿಯುತ್ತದೆ" ಅಂದರು ಡಾಕ್ಟರು.

"ಎಲ್ಲಿ ನಿಲ್ಲುವುದು ಸರ್?"

"ಅದನ್ನು ನೋಡಬೇಕು. ಎದೆಗೆ ಬಂದರೆ ಉಸಿರಾಟದ ಮಷಿನ್ ಹಾಕಬೇಕಾಗುತ್ತದೆ."

ಸ್ಟಾಪು ಎಲ್ಲಿ ಅಂತ ಹೇಳದ ಬಸ್ಸನ್ನು ನಾನು ಜೀವಮಾನದಲ್ಲಿ ಹತ್ತಿರಲಿಲ್ಲ.

ಉಸಿರು ಎಷ್ಟು ಉಂಟು ಅಂತ ನೋಡಲಿಕ್ಕೆ ಅವರಲ್ಲಿ ಒಂದು ಉಪಾಯ ಉಂಟು. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಎಷ್ಟು ಸಾಧ್ಯವೋ ಅಷ್ಟು ಹೇಳಬೇಕು. ದಿನಕ್ಕೆ ನಾಲ್ಕು ಸಲ. ನನಗೆ ಅದು ಬರಲಿಲ್ಲ, ಹೆದರಿಕೆಯಲ್ಲಿ ಹನ್ನೊಂದರ ನಂತರ ಎಂತ ಅಂತ ಮರೆತುಹೋಯಿತು. "ಸಿಸ್ಟರ್, ನಾನು ಸ್ಟಾಪು ಹೇಳಲಾ?" ಅಂತ ಕೇಳಿದೆ. ಸಿಸ್ಟರಿಗೆ ಅರ್ಥ ಆಗಲಿಲ್ಲ. ನಾನು ಉಸಿರೆಳೆದು ಶುರುಮಾಡಿದೆ: "ಕಾಪು ಪಾಂಗಾಳ ಕಟಪಾಡಿ ಉದ್ಯಾವರ ಬಲಾಯಿಪಾದೆ ಕಿನ್ನಿಮುಲ್ಕಿ ಉಡುಪಿ ಕಡಿಯಾಳಿ ಕುಂಜಿಬೆಟ್ಟು ಇಂದ್ರಾಳಿ ಮಣಿಪಾಲ ಪರ್ಕಳ ಆತ್ರಾಡಿ ಹಿರಿಯಡ್ಕ ಬೈಲೂರು ಕಾರ್ಕಳ!" ಉಸಿರು ಇನ್ನೂ ಉಳಿದಿತ್ತು, ವಾಪಸು ಬೈಲೂರಿಗೆ ಬಂದೆ. ವಾರ್ಡಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ಸಿಸ್ಟರು ನಗುತ್ತ ಹಾಳೆಯಲ್ಲಿ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಹಿರಿಯಡ್ಕದಲ್ಲಿ ಉಸಿರು ಮುಗಿಯಿತು. ಸಂಜೆಗೆ ಮಣಿಪಾಲ. ಅದರ ಮರುದಿನ ಕಡಿಯಾಳಿ. ಕೈಬೆರಳು ಮಡಚಲಿಕ್ಕೆ ಆಗದೆ ಶಶಿ ಅನ್ನ ತಿನ್ನಿಸತೊಡಗಿದಳು. ಶಶಿ ನನ್ನ ಹೆಂಡತಿ, ಕಾಪುವಿನಲ್ಲಿ ಟೈಲರ್. ಡಾಕ್ಟರು ಸಿಸ್ಟರಿಗೆ, "ಉಡುಪಿ ಮುಟ್ಟದಿದ್ದರೆ ಕೂಡಲೇ ನನಗೆ ಫೋನ್ ಮಾಡಿ" ಅಂತ ಹೇಳಿ ಹೋದರು. ಅಷ್ಟು ದೊಡ್ಡ ಡಾಕ್ಟರು ನಮ್ಮ ರೂಟಿನ ಲೆಕ್ಕದಲ್ಲಿ ಮಾತಾಡಿದ್ದು ನನಗೆ ಆಗಲೂ ಖುಷಿಯೇ ಆಯಿತು ನೋಡಿ, ಬುದ್ಧಿ ಎಲ್ಲಿಗೆ ಹೋಗ್ತದೆ!

ನಾಲ್ಕನೆಯ ದಿನ ಮಧ್ಯಾಹ್ನ ಕಿನ್ನಿಮುಲ್ಕಿಗೆ ನಿಂತಿತು. ಉಡುಪಿ ಬಾಯಿಗೆ ಬಂತು, ಶಬ್ದ ಬರಲಿಲ್ಲ. ಇನ್ನೊಂದು ಸಲ ನೋಡಿದೆ, ಕಿನ್ನಿಮುಲ್ಕಿ. ಹತ್ತು ನಿಮಿಷದಲ್ಲಿ ನನ್ನನ್ನು ಐಸಿಯುಗೆ ತಳ್ಳಿಕೊಂಡು ಹೋದರು. ಮಂಚದ ಬದಿಯಲ್ಲಿ ಮಷಿನ್ ತಯಾರಾಗಿ ನಿಂತಿತ್ತು. ನನಗೆ ಹೆದರಿಕೆ ಆಯಿತು. ಸಾಯುವ ಹೆದರಿಕೆ, ಅದಕ್ಕೆ ಬೇರೆ ಹೆಸರಿಲ್ಲ. ಶಶಿಯ ಮುಖ ನೋಡಬೇಕು ಅನಿಸಿತು, ಅವಳನ್ನು ಒಳಗೆ ಬಿಡುವ ಹೊತ್ತು ಆಗಿರಲಿಲ್ಲ.

ಶಶಿ ಹೊರಗೆ ಬೆಂಚಿನಲ್ಲಿ ಇದ್ದಳು. ಕೈ ಖಾಲಿ ಇದ್ದರೆ ಅಳು ಬರುತ್ತದೆ ಅಂತ ಅರ್ಧ ಹೊಲಿದ ರವಿಕೆಗಳನ್ನು ಚೀಲದಲ್ಲಿ ತಂದಿದ್ದಳು, ಹುಕ್ಸು ಹೊಲಿಯಲಿಕ್ಕೆ. ನಾನು ಐಸಿಯುನಲ್ಲಿ ಇದ್ದ ನಾಲ್ಕು ದಿನದಲ್ಲಿ ಹನ್ನೊಂದು ರವಿಕೆ ಮುಗಿಸಿದಳು. ಹನ್ನೊಂದಕ್ಕೂ ಹುಕ್ಸು ತಪ್ಪು ಬದಿಗೆ. ಅದು ಅವಳಿಗೆ ಗೊತ್ತಾದದ್ದು ನಾನು ವಾರ್ಡಿಗೆ ವಾಪಸು ಬಂದ ಮೇಲೆ. ಬಿಚ್ಚುತ್ತ ಕೂತವಳು ಒಂದೇ ಸಮನೆ ಅತ್ತಳು, ನಾಲ್ಕು ದಿನ ಅಳದೆ ಇದ್ದದ್ದನ್ನೆಲ್ಲ ಸೇರಿಸಿ.

ನನ್ನ ಅಮ್ಮನದು ಬೇರೆಯೇ ತೀರ್ಪು. "ನಾನು ಆಗಲೇ ಹೇಳಿದ್ದೆ. ಈ ಪ್ರಾಯದಲ್ಲಿ ಅಷ್ಟು ಓದಿದರೆ ರಕ್ತವೆಲ್ಲ ತಲೆಗೆ ಹೋಗ್ತದೆ. ಕಾಲಿಗೆ ಎಲ್ಲಿಂದ ಬರಬೇಕು?" ಡಾಕ್ಟರ ಹತ್ತಿರವೂ ಇದನ್ನೇ ಹೇಳಿದರು. ಡಾಕ್ಟರು ತುಂಬ ಮರ್ಯಾದೆಯವರು, "ಹಾಗೂ ಇರಬಹುದು ಅಮ್ಮ, ಆದರೆ ಇದು ಬೇರೆ" ಅಂದರು. ಅಮ್ಮ ಮೊದಲ ಅರ್ಧ ಮಾತ್ರ ಕೇಳಿಸಿಕೊಂಡು ಊರಿಗೆಲ್ಲ ಹೇಳಿದರು.

ಔಷಧ ಐದು ದಿನ ಬಾಟಲಿಯಿಂದ ಹೋಯಿತು. ಕಿನ್ನಿಮುಲ್ಕಿಯಲ್ಲಿ ಎರಡು ದಿನ ನಿಂತಿದ್ದೆ. ಮೂರನೆಯ ದಿನ ಉಡುಪಿ ಬಂತು, ಮಷಿನ್ ಹಾಕಬೇಕಾಗಲಿಲ್ಲ. ಐಸಿಯುನ ಸಿಸ್ಟರು ಘಟ್ಟದ ಮೇಲಿನವರು, ಈ ಊರುಗಳನ್ನು ಕಂಡವರಲ್ಲ. ಆದರೂ ನಾನು "ಉಡುಪಿ" ಅಂದಾಗ ಓಡಿಹೋಗಿ ಹೊರಗೆ ಶಶಿಗೆ, "ಉಡುಪಿ ಬಂತು, ಉಡುಪಿ ಬಂತು!" ಅಂತ ಹೇಳಿದರಂತೆ. ಬೆಂಚಿನಲ್ಲಿ ಕೂತ ಬೇರೆಯವರು ಇವರಿಗೆ ಎಂತ ಆಗಿದೆ ಅಂತ ನೋಡಿದರಂತೆ.

ವಾರ್ಡಿಗೆ ವಾಪಸು ಬಂದ ದಿನ ನಿಶಾ ಫೋನ್ ಹಿಡಿದುಕೊಂಡು ಬಂದಳು. "ಅಪ್ಪ, ಸೇರಲಿಕ್ಕೆ ಇನ್ನು ಮೂರೇ ದಿನ ಉಂಟು." ಅದು ನನಗೆ ನೆನಪಿರಲಿಲ್ಲ ಅಂತ ಅಲ್ಲ. ಕೇಳುವ ಧೈರ್ಯ ಇರಲಿಲ್ಲ. ಎದ್ದು ಕೂರಲಿಕ್ಕೆ ಇಬ್ಬರು ಹಿಡಿಯಬೇಕಿತ್ತು.

"ಬಿಟ್ಟುಬಿಡು ಮಗಾ, ಜೀವ ಉಳಿಯಿತಲ್ಲ" ಅಂದರು ಅಮ್ಮ.

"ಒಂದು ವರ್ಷ ಮುಂದಕ್ಕೆ ಹಾಕಲಿಕ್ಕೆ ಕೇಳುವ" ಅಂದಳು ನಿಶಾ. "ಫಾರಿನ್ ಯೂನಿವರ್ಸಿಟಿಯಲ್ಲೆಲ್ಲ ಹಾಗೆ ಉಂಟಂತೆ."

ಪತ್ರ ಬರೆಯಲು ಕೂತೆವು. ಅಮ್ಮ, ಕಾಯಿಲೆ ಅಂತ ಬರೆದರೆ ಅಪಶಕುನ, ಮನೆಯಲ್ಲಿ ಮದುವೆ ಉಂಟು ಅಂತ ಬರಿ ಅಂದರು. "ಯಾರ ಮದುವೆ ಅತ್ತೆ? ಇವರದ್ದಾ?" ಅಂತ ಶಶಿ ಕೇಳಿದಳು. ಕಡೆಗೆ ಇದ್ದದ್ದನ್ನೇ ಬರೆದು, ಡಾಕ್ಟರ ಪತ್ರವನ್ನೂ ಸೇರಿಸಿ ಮೇಲ್ ಮಾಡಿದೆವು. ಸಂಜೆಗೆ ಒಂದು ಸಾಲಿನ ಉತ್ತರ ಬಂತು, ಇಂಥ ಅವಕಾಶ ಇಲ್ಲ, ವಿವರಕ್ಕೆ ಕಚೇರಿಗೆ ಫೋನ್ ಮಾಡಿ. ಕೆಳಗೆ ಹೆಸರು, ಪ್ರವೇಶ ವಿಭಾಗದ ಗ್ರೇಸಿ ಮೇಡಂ ಅವರದ್ದು.

ಮರುದಿನ ಫೋನ್ ಮಾಡಿದೆವು. ನನ್ನ ಕೈಯಲ್ಲಿ ಹಿಡಿಯಲಿಕ್ಕೆ ಆಗುವುದಿಲ್ಲವಲ್ಲ, ನಿಶಾ ಸ್ಪೀಕರಿಗೆ ಹಾಕಿ ನನ್ನ ಬಾಯಿಯ ಹತ್ತಿರ ಹಿಡಿದಳು. ಇಡೀ ವಾರ್ಡು ಮಾತು ನಿಲ್ಲಿಸಿ ಕಿವಿ ಕೊಟ್ಟಿತು.

"ನೋಡಿ, ನಮ್ಮಲ್ಲಿ ಸೇರುವುದು ಉಂಟು, ಬಿಡುವುದು ಉಂಟು" ಅಂದರು ಮೇಡಂ. "ಮಧ್ಯದಲ್ಲಿ ಇರುವುದು ಅಂತ ಒಂದು ಕಾಲಂ ಇಲ್ಲ."

"ನಾನು ಖಂಡಿತ ಬರ್ತೇನೆ ಮೇಡಂ. ಒಂದು ವರ್ಷ ಜಾಗ ಹಿಡಿದಿಡಿ, ಸಾಕು."

"ಎಲ್ಲರೂ ಹಾಗೆಯೇ ಹೇಳುವುದು. ನೀವು ಎಂತ ಕೆಲಸ ಮಾಡುವುದು?"

"ಕಂಡಕ್ಟರ್ ಮೇಡಂ. ಕಾಪು ಕಾರ್ಕಳ ಬಸ್ಸು."

"ಕಾರ್ಕಳದಿಂದ ಏಳು ನಲವತ್ತಕ್ಕೆ ಬಿಡುವುದಾ?"

"ಹೌದು ಮೇಡಂ!" ನನಗೆ ಖುಷಿಯೋ ಖುಷಿ. ನಮ್ಮ ಪ್ಯಾಸೆಂಜರ್! ಕೆಲಸ ಆಯಿತು ಅಂತ ಶಶಿಗೆ ಕಣ್ಣು ಹೊಡೆದೆ.

"ಕರ್ಚೀಫಿಗೆ ಜಾಗ ಇಲ್ಲ, ಜನಕ್ಕೆ ಜಾಗ" ಅಂದರು ಮೇಡಂ. ನನ್ನದೇ ರಾಗದಲ್ಲಿ.

ನನ್ನ ನಗು ಅಲ್ಲೇ ನಿಂತಿತು.

"ನಾನಾಗ ಡಿಗ್ರಿ ಓದುತ್ತಿದ್ದೆ" ಅಂದರು. "ಅಪ್ಪನ ಕಾಲಿಗೆ ಆಪರೇಷನ್ ಆಗಿತ್ತು. ಬ್ಯಾಂಡೇಜ್ ಬದಲಿಸಲಿಕ್ಕೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಿತ್ತು. ಅವರು ನಿಧಾನ ಬರುವುದು. ಹಾಗೆ ನಾನು ಓಡಿ ಬಂದು ಕಿಟಕಿಯಿಂದ ಕೊಡೆ ಇಟ್ಟು, ಅವರನ್ನು ಹಿಡಿದುಕೊಂಡು ಬರಲಿಕ್ಕೆ ಹೋದೆ. ಬಂದು ನೋಡುವಾಗ ಕೊಡೆ ಮೇಲೆ ಕ್ಯಾರಿಯರಿನಲ್ಲಿ ಇತ್ತು. ಸೀಟಿನಲ್ಲಿ ಬೇರೆ ಯಾರೋ. ಅಪ್ಪ ಮಣಿಪಾಲದ ತನಕ ನಿಂತುಕೊಂಡೇ ಬಂದರು. ನೆನಪುಂಟಾ ನಿಮಗೆ?"

ಉಂಟು ಅಂದರೆ ಸುಳ್ಳು. ಇಲ್ಲ ಅಂದರೆ ಎಂಎ ಹೋಯಿತು. ಪಕ್ಕದ ಬೆಡ್ಡಿನ ಹಸನಬ್ಬ ಕಾಕ ಬೆನ್ನುಹುರಿಯ ಆಪರೇಷನ್ ಆಗಿ ಅಲ್ಲಾಡಬಾರದು ಅಂತ ಮಲಗಿದ್ದವರು, ಅಲ್ಲಿಂದಲೇ ಕೈ ಆಡಿಸಿ, ಸತ್ಯ ಹೇಳಿ, ಸತ್ಯ ಹೇಳಿ ಅಂತ ಸನ್ನೆ ಮಾಡಿದರು.

"ನೆನಪಿಲ್ಲ ಮೇಡಂ" ಅಂದೆ. "ತುಂಬ ಜನರದ್ದು ಎಸೆದಿದ್ದೇನೆ."

"ನನಗೆ ಉಂಟು" ಅಂದರು. "ನೋಡುವ. ಸಮಿತಿಯ ಎದುರು ಇಡ್ತೇನೆ. ಆಗ್ತದೆ ಅಂತ ಹೇಳುವುದಿಲ್ಲ." ಫೋನ್ ಇಟ್ಟರು.

"ಕೊಡೆ ಎಸೆದಿರಾ?" ಅಂದಳು ಶಶಿ. "ಕಾಲು ನೋವಿನ ಮುದುಕರದ್ದು?"

"ಮುದುಕರನ್ನು ನಾನು ನೋಡಲಿಲ್ಲ ಮಾರಾಯ್ತಿ. ಕೊಡೆ ಮಾತ್ರ ನೋಡಿದ್ದು."

ಹೇಳಿದ ಮೇಲೆ ಅದು ನನಗೇ ಚುಚ್ಚಿತು. ಇಪ್ಪತ್ತೆರಡು ವರ್ಷ ನಾನು ನೋಡಿದ್ದು ಅಷ್ಟೇ, ಸೀಟಿನ ಮೇಲೆ ಎಂತ ಉಂಟು ಅಂತ. ಹಿಂದಿನಿಂದ ಯಾರು ಕುಂಟುತ್ತ ಬರುತ್ತಿದ್ದಾರೆ ಅಂತ ಒಂದು ದಿನ ತಿರುಗಿ ನೋಡಿದವನಲ್ಲ. ಈಗ ನಾನೇ ಆ ಮುದುಕ. ನನ್ನ ಕರ್ಚೀಫು ಮಾತ್ರ ಅಲ್ಲಿ ಉಂಟು, ನಾನು ಇಲ್ಲ.

ಅನಂತರದ ಎರಡು ದಿನ ನನಗೆ ಕಾಯಿಲೆಯೇ ಮರೆತುಹೋಯಿತು. ಕೊನೆಯ ದಿನ ಸಂಜೆ ನಾಲ್ಕಕ್ಕೆ ಉತ್ತರ ಬಂತು. ನಿಶಾ ಗಟ್ಟಿಯಾಗಿ ಓದಿದಳು, ವಾರ್ಡಿಗೆಲ್ಲ ಕೇಳುವ ಹಾಗೆ: 'ಡಾಕ್ಟರ ಪತ್ರವನ್ನು ಪರಿಗಣಿಸಿ ಒಂದು ವರ್ಷದ ಮಟ್ಟಿಗೆ ಪ್ರವೇಶವನ್ನು ಕಾಯ್ದಿರಿಸಲಾಗಿದೆ. ಮುಂದಿನ ವರ್ಷ ಮೊದಲ ದಿನ ಬೆಳಿಗ್ಗೆ ಹನ್ನೊಂದರ ಒಳಗೆ ಅಭ್ಯರ್ಥಿ ಸ್ವತಃ ಬಂದು ಸಹಿ ಹಾಕಬೇಕು. ಬೇರೆಯವರು ಬಂದರೆ ಆಗುವುದಿಲ್ಲ. ತಪ್ಪಿದರೆ ರದ್ದು.' ಹಸನಬ್ಬ ಕಾಕನ ಮನೆಯವರು ಖರ್ಜೂರ ಹಂಚಿದರು.

ಉಪಕಾರ ಹೇಳಲಿಕ್ಕೆ ಫೋನ್ ಮಾಡಿದೆ. ಹೇಳಿ ಆದ ಮೇಲೆ, "ಅಪ್ಪ ಹೇಗಿದ್ದಾರೆ ಮೇಡಂ?" ಅಂದೆ.

"ಚೆನ್ನಾಗಿದ್ದಾರೆ. ನಿಮ್ಮ ಬಸ್ಸು ಮಾತ್ರ ಈಗಲೂ ಹತ್ತುವುದಿಲ್ಲ."

ಆಸ್ಪತ್ರೆಯಿಂದ ಬಂದ ಮೇಲೆ ಇಡೀ ವರ್ಷ ನಿಲ್ಲಲು ಕಲಿತೆ. ನಗಬೇಡಿ. ಓಡುವ ಬಸ್ಸಿನಲ್ಲಿ, ಶೀನಣ್ಣನ ಬ್ರೇಕಿಗೆ, ಏನನ್ನೂ ಹಿಡಿಯದೆ ಎರಡು ಕೈಯಲ್ಲಿ ಟಿಕೆಟು ಕೊಡುತ್ತ ಇಪ್ಪತ್ತೆರಡು ವರ್ಷ ನಿಂತವನು ನಾನು. ಮಣಿಪಾಲದಲ್ಲಿ ಫಿಸಿಯೋಥೆರಪಿಯ ಕೋಣೆಯಲ್ಲಿ ಎರಡು ಸರಳಿನ ಮಧ್ಯ ನಿಲ್ಲಿಸಿ, "ಈಗ ಕೈ ಬಿಡಿ" ಅಂದರು ಅಲ್ಲಿಯ ಹುಡುಗಿ. ಬಿಡಲಿಕ್ಕೆ ಆಗಲಿಲ್ಲ.

"ನೆಲ ಅಲ್ಲಾಡುವುದಿಲ್ಲವಲ್ಲ ಮೇಡಂ, ಹಾಗಾಗಿ ಅಭ್ಯಾಸ ತಪ್ಪಿದೆ" ಅಂದೆ.

ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಸರಳಿನಿಂದ ವಾಕರಿಗೆ, ವಾಕರಿನಿಂದ ಕೋಲಿಗೆ. ನೋಡಲು ಬಂದವರೆಲ್ಲ, "ಓದುವುದು ಬಿಟ್ಟೆಯಲ್ಲ, ಒಳ್ಳೆಯದಾಯಿತು" ಅನ್ನುತ್ತಿದ್ದರು. ಬಿಟ್ಟಿಲ್ಲ, ಮುಂದಕ್ಕೆ ಹಾಕಿದ್ದು ಅಂದರೆ ಯಾರಿಗೂ ತಲೆಗೆ ಹೋಗುತ್ತಿರಲಿಲ್ಲ. "ಅದೇ ಅಲ್ವಾ, ಬಿಟ್ಟ ಹಾಗೆ" ಅನ್ನುವುದು. ಶೀನಣ್ಣ ಒಬ್ಬನೇ ಹಾಗೆ ಹೇಳಲಿಲ್ಲ. ಕಾಪುವಿನ ಹಾಲ್ಟಿನಲ್ಲಿ ಬಸ್ಸು ಖಾಲಿ ಇರುವಾಗ ನನ್ನನ್ನು ಕರೆದು ಫುಟ್‌ಬೋರ್ಡು ಹತ್ತಿಸುತ್ತಿದ್ದ. ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ನನಗೆ ಗೊತ್ತಾದದ್ದು ಆಗಲೇ. "ಬೇಗ ಹತ್ತಿ, ಬೇಗ ಹತ್ತಿ" ಅಂತ ನಾನು ಎಷ್ಟು ಅಜ್ಜಿಯಂದಿರನ್ನು ಗದರಿಸಿದ್ದೇನೋ! ಕಾಯುವ ಪ್ಯಾಸೆಂಜರುಗಳು ಸುತ್ತ ನಿಂತು ಸಲಹೆ ಕೊಡುತ್ತಿದ್ದರು. ಬಲಗಾಲು ಮೊದಲು. ಅಲ್ಲ ಎಡಗಾಲು. ಉಸಿರು ಹಿಡಿ. ಬಿಡು. ಒಬ್ಬರು ಮೀನಿನ ಬುಟ್ಟಿ ಕೆಳಗಿಟ್ಟು ಹಿಂದಿನಿಂದ ದೂಡಿಯೇಬಿಟ್ಟರು. ಹತ್ತಿದೆ.

ಆದರೂ ಕ್ಲಾಸು ಶುರುವಾಗಲು ಒಂದು ತಿಂಗಳು ಇರುವಾಗ ನನ್ನ ಧೈರ್ಯ ಪೂರ್ತಿ ಇಳಿದುಹೋಯಿತು. ಹತ್ತು ನಿಮಿಷ ನಿಂತರೆ ಮೊಣಕಾಲು ನಡುಗುತ್ತಿತ್ತು. ಪಾದದ ಬೆರಳುಗಳು ಇವತ್ತಿಗೂ ಅರ್ಧ ನಿದ್ದೆಯಲ್ಲೇ ಇವೆ. ಎರಡು ಬಸ್ಸು, ಅಷ್ಟು ಮೆಟ್ಟಿಲು, ಇಪ್ಪತ್ತೊಂದು ವರ್ಷದ ಮಕ್ಕಳ ಮಧ್ಯ ಕೋಲು ಹಿಡಿದ ಕಂಡಕ್ಟರ್. "ಬೇಡ ಶಶಿ, ಪತ್ರ ಬರೆದುಬಿಡುವ" ಅಂದೆ.

ಅವಳು ಹೊಲಿಗೆ ಮಷಿನ್ ನಿಲ್ಲಿಸಿದಳು, ನನ್ನ ಕಡೆ ಮಾತ್ರ ನೋಡಲಿಲ್ಲ. "ಕರ್ಚೀಫು ಯಾಕೆ ಎಸೆಯುತ್ತಿದ್ದಿರಿ ನೀವು?"

"ಇಟ್ಟವರು ಕೆಲವು ಸಲ ಬರುವುದೇ ಇಲ್ಲ. ಸೀಟು ಖಾಲಿ ಹೋಗ್ತದೆ, ನಿಂತವರು ನಿಂತೇ ಇರ್ತಾರೆ."

"ಹಾಗಾದರೆ ಆ ಮೇಡಂ ಬೇರೆಯವರಿಗೆ ಕೊಡದೆ ಒಂದು ವರ್ಷದಿಂದ ಇಟ್ಟುಕೊಂಡದ್ದು ಖಾಲಿ ಹೋಗಲಿಕ್ಕಾ? ಅವರ ಅಪ್ಪನನ್ನು ಒಮ್ಮೆ ನಿಲ್ಲಿಸಿದ್ದು ಸಾಲದಾ?"

ಹೊಲಿಗೆ ಮಷಿನ್ ಮತ್ತೆ ಶುರುವಾಯಿತು. ನಾನು ಕೋಲು ತೆಗೆದುಕೊಂಡು ಅಂಗಳದಲ್ಲಿ ನಡೆಯಲಿಕ್ಕೆ ಹೋದೆ. ಮತ್ತೆ ಆ ಮಾತು ಎತ್ತಲಿಲ್ಲ.

ಕ್ಲಾಸಿನ ಮೊದಲ ದಿನ ಜೋರು ಮಳೆ. ಶಶಿಯೂ ಜೊತೆಗೆ ಬಂದಳು. ಕಾಪುವಿನಲ್ಲಿ ನನ್ನದೇ ಬಸ್ಸು ಹತ್ತಿ, ಜೀವಮಾನದಲ್ಲಿ ಮೊದಲ ಸಲ ಅದರಲ್ಲಿ ಟಿಕೆಟು ತೆಗೆದುಕೊಂಡೆ. ಉಡುಪಿಯಲ್ಲಿ ಕಿಟಕಿಯಿಂದ ಒಂದು ಕೈ ಬಂದು ನನ್ನ ಎದುರಿನ ಸೀಟಿಗೆ ಕರ್ಚೀಫು ಇಟ್ಟಿತು. ಹೊಸ ಕಂಡಕ್ಟರ್ ನೋಡಿಯೂ ಸುಮ್ಮನಿದ್ದ. ನನ್ನ ಕೈ ತುರಿಸಿತು. ಶೀನಣ್ಣ ಕನ್ನಡಿಯಲ್ಲಿ ನನ್ನನ್ನೇ ನೋಡಿ ನಗುತ್ತಿದ್ದ. ಮಣಿಪಾಲದಲ್ಲಿ ಆಸ್ಪತ್ರೆಯ ಬಾಗಿಲು ಕಾಣುವಾಗ ಶಶಿ ಸುಮ್ಮನೆ ನನ್ನ ಕೈ ಹಿಡಿದಳು, ಪರ್ಕಳ ದಾಟಿದ ಮೇಲೆ ಬಿಟ್ಟಳು. ಕಾರ್ಕಳದಲ್ಲಿ ಇಳಿಯುವಾಗ ಶೀನಣ್ಣ ಇಂಜಿನ್ ಬಂದ್ ಮಾಡಿದ. ನಾನು ಕೆಳಗೆ ಇಳಿದು ಗಟ್ಟಿ ನಿಂತ ಮೇಲೆಯೇ ಮತ್ತೆ ಶುರುಮಾಡಿದ್ದು.

ಎರಡನೆಯ ಬಸ್ಸು ತಡವಾಯಿತು. ವಿಶ್ವವಿದ್ಯಾಲಯದ ಗೇಟಿನಲ್ಲಿ ಇಳಿಯುವಾಗ ಹತ್ತೂವರೆ. ಕಚೇರಿ ಮಹಡಿಯಲ್ಲಿ, ಇಪ್ಪತ್ತನಾಲ್ಕು ಮೆಟ್ಟಿಲು. ನಾನು ಒಂದೊಂದೇ ಹತ್ತಿದೆ. ಶಶಿ ಹಿಂದಿನಿಂದ ಎರಡೂ ಕೈ ಅಗಲಿಸಿಕೊಂಡು, ಮರದಿಂದ ಬೀಳುವ ಹಲಸಿನ ಹಣ್ಣು ಹಿಡಿಯಲಿಕ್ಕೆ ನಿಂತವಳ ಹಾಗೆ ಬಂದಳು. ಬಿದ್ದರೆ ಇಬ್ಬರೂ ಒಟ್ಟಿಗೆ ಕೆಳಗೆ ಹೋಗುತ್ತಿದ್ದೆವು. ಮಧ್ಯದಲ್ಲಿ ಎರಡು ಸಲ ನಿಂತೆ. ಮೇಲೆ ಮುಟ್ಟುವಾಗ ಗೋಡೆಯ ಗಡಿಯಾರದಲ್ಲಿ ಹತ್ತು ಐವತ್ತು.

ಒಳಗೆ ಕಾಲಿಡಲು ಜಾಗ ಇಲ್ಲ. ಮಕ್ಕಳು, ಅಪ್ಪಂದಿರು, ಒದ್ದೆ ಫೈಲುಗಳು. ಎಲ್ಲರೂ ನಿಂತಿದ್ದಾರೆ. ನನ್ನ ಮೊಣಕಾಲು ಅಷ್ಟರಲ್ಲಿ ನಡುಗಲು ಶುರುವಾಗಿತ್ತು. ನೋಡಿದರೆ ಮೇಜಿನ ಎದುರು ಒಂದು ಕುರ್ಚಿ ಖಾಲಿ. ಅದರ ಮೇಲೆ ಒಂದು ಕೊಡೆ.

ಏನು ಹೇಳುವುದು, ನನ್ನ ಕೈ ತನ್ನಷ್ಟಕ್ಕೇ ಮುಂದೆ ಹೋಯಿತು. ಬಾಯಿ ಕೂಡ "ಕರ್ಚೀ..." ತನಕ ಬಂತು. ಶಶಿ ಬೆನ್ನಿಗೆ ಜೋರಾಗಿ ಚಿವುಟಿದಳು. ಕೈ ಹಿಂದೆ ತೆಗೆದು ಕೋಲು ಹಿಡಿದು ನಿಂತೆ.

ಮೇಜಿನ ಆಚೆಯಿಂದ ಕನ್ನಡಕದ ಒಬ್ಬರು ಹೆಂಗಸು ತಲೆ ಎತ್ತಿದರು. ಮುಖ ನಾನು ಕಂಡದ್ದಲ್ಲ, ಸ್ವರ ಗೊತ್ತಾಯಿತು.

"ವಾಸುದೇವ?"

"ಹೌದು ಮೇಡಂ."

ಅವರು ಗಡಿಯಾರ ನೋಡಿದರು. ನನ್ನ ಕೋಲು ನೋಡಿದರು, ನಡುಗುವ ಕಾಲು ನೋಡಿದರು. "ನಿಲ್ಲಬೇಡಿ. ಕೊಡೆ ತೆಗೆದು ಕೂತುಕೊಳ್ಳಿ."

"ಯಾರೋ ಇಟ್ಟಿದ್ದಾರೆ ಮೇಡಂ."

"ನಾನೇ ಇಟ್ಟದ್ದು. ಒಂಬತ್ತು ಗಂಟೆಗೆ" ಅಂದರು ಗ್ರೇಸಿ ಮೇಡಂ, ನನ್ನ ಫೈಲಿಗೆ ಕೈ ಚಾಚುತ್ತ. "ನಿಧಾನ ಬರುವವರಿಗೆ."

ನಾನು ಕೊಡೆ ತೆಗೆದೆ. ಕಣ್ಣು ಮಂಜಾಗಿ ಕುರ್ಚಿಯ ಕೈ ಎಲ್ಲಿ ಅಂತ ಕಾಣಲಿಲ್ಲ, ಶಶಿ ಹಿಡಿದು ಕೂರಿಸಿದಳು.

ಹಿಂದೆ ಯಾರದೋ ಅಪ್ಪ ಗೊಣಗಿದರು. "ನಾವು ಒಂದು ಗಂಟೆಯಿಂದ ನಿಂತಿದ್ದೇವೆ. ಕೊಡೆ ಇಟ್ಟರೆ ಜಾಗ ಅಂತಾದರೆ ಇದು ಎಂತ ನ್ಯಾಯ ಮಾರಾಯ್ರೇ?"

ಅವರು ಹೇಳಿದ್ದು ಸರಿಯೇ. ಇಪ್ಪತ್ತೆರಡು ವರ್ಷ ನಾನು ಕೂಗಿದ್ದೂ ಅದನ್ನೇ. ಆದರೂ ನಾನು ಏಳಲಿಲ್ಲ. ಆ ಒದ್ದೆ ಕೊಡೆಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ, ಸಹಿ ಹಾಕಲು ಪೆನ್ನು ಕೊಡುವ ತನಕ.